ಬೀಳು ನೆಲದ ಹಕ್ಕುದಾರರು

ಬಿತ್ತದೆ ಬಿಟ್ಟ ಹೊಲವನ್ನು ಕಂಡರೆ ನಾವು ‘ಪಾಳು ಬಿದ್ದಿದೆ’ ಎನ್ನುತ್ತೇವೆ. ಸರ್ಕಾರಿ ಕಡತಗಳಲ್ಲಿ ಎಷ್ಟೋ ಹುಲ್ಲುಗಾವಲುಗಳ ಹೆಸರೂ ಪಾಳುಭೂಮಿಯೇ. ನಮಗೆ ಫಸಲು ಕೊಡದ ನೆಲ ಯಾರಿಗೂ ಏನನ್ನೂ ಕೊಡುತ್ತಿಲ್ಲ ಎಂದು ತೀರ್ಮಾನಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಬಯಲುಸೀಮೆಯ ಎರೆಭೂತ ಹಕ್ಕಿಯನ್ನೇ ನೋಡಿ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪ್ರಸಿದ್ಧವಾದ ಈ ಹಕ್ಕಿ ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗಬಲ್ಲದು. ಅದು ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಮಿಡತೆ, ಜೀರುಂಡೆ, ಕಡಲೆ, ಶೇಂಗಾ ಅದರ ಆಹಾರ. ಹಾಗಾಗಿ ಮಳೆ ನಂಬಿದ ಬೇಸಾಯ ಅದಕ್ಕೆ ಶತ್ರುವಾಗಿರಲಿಲ್ಲ. ಜೋಳದ ಹೊಲ, ಪಕ್ಕದ ಬೀಳು, ದನ ಮೇಯುವ ಹುಲ್ಲು ಇವೆಲ್ಲ ಸೇರಿ ಅದರ ಮನೆಯಾಗಿತ್ತು.

ಆ ಮನೆಯನ್ನು ಒಡೆದದ್ದು ದುಷ್ಟತನವಲ್ಲ, ನಾವು ಒಳ್ಳೆಯದೆಂದು ನಂಬಿದ ಕೆಲಸಗಳು. ನೀರಾವರಿ ಬಂದಲ್ಲಿ ಜೋಳ ಹೋಗಿ ಭತ್ತ ಬಂತು. ಟ್ರ್ಯಾಕ್ಟರ್ ಬೀಳು ನೆಲವನ್ನೂ ಉತ್ತಿತು. ಕೀಟನಾಶಕ ಮಿಡತೆಗಳನ್ನು ಕೊಂದಿತು. ಎದುರಿನ ತಂತಿಯನ್ನು ಸರಿಯಾಗಿ ಕಾಣಲಾರದ ಈ ಹಕ್ಕಿಗೆ ವಿದ್ಯುತ್ ಮಾರ್ಗಗಳು ಉರುಳಾದವು. 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲೂ ಹುಲ್ಲುಬಯಲನ್ನು ನೀಲಗಿರಿ ನೆಡುತೋಪು ಆವರಿಸಿತು. ಹಸಿರೆಂದರೆ ಮರವೊಂದೇ ಎಂದು ನಾವು ಭಾವಿಸಿದ್ದೆವು. ಇಂದು ದೇಶದಲ್ಲಿ ಸ್ವತಂತ್ರವಾಗಿ ಬದುಕಿರುವ ಎರೆಭೂತಗಳು 150ರ ಆಸುಪಾಸು. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ.

ಹಾಗಾದರೆ ರೈತ ಅಪರಾಧಿಯೇ? ಹಾಗೆನ್ನುವುದು ಅನ್ಯಾಯ. ಸಾಲ ಹೊತ್ತವನಿಗೆ ನೆಲವನ್ನು ಬೀಳು ಬಿಡು ಎಂದು ಉಪದೇಶಿಸುವುದು ಸುಲಭ. ಆ ಉಪದೇಶ ಮಾಡುವ ನಾವು ಅದೇ ಭತ್ತದ ಅನ್ನ ಉಣ್ಣುತ್ತೇವೆ, ಅದೇ ತಂತಿಯ ವಿದ್ಯುತ್ತಿನಲ್ಲಿ ದೀಪ ಹಚ್ಚುತ್ತೇವೆ.

ಮಧ್ಯಪ್ರದೇಶದ ಕರೇರಾ ಈ ವಿಷಯದಲ್ಲಿ ದೊಡ್ಡ ಪಾಠ. ಈ ಹಕ್ಕಿಗಾಗಿ 1981ರಲ್ಲಿ ಅಲ್ಲಿ ಅಭಯಾರಣ್ಯ ಘೋಷಿಸಿದಾಗ ರೈತರ ಖಾಸಗಿ ಜಮೀನೂ ಅದರೊಳಗೆ ಸೇರಿತು. ಜಮೀನು ಮಾರುವಂತಿಲ್ಲ, ಹೆಚ್ಚಿದ ಕೃಷ್ಣಮೃಗಗಳು ಬೆಳೆ ಮೇಯ್ದರೂ ಸಹಿಸಬೇಕು. ಜನರ ಒಲವು ಸಿಟ್ಟಾಗಿ ತಿರುಗಿತು. 1990ರ ದಶಕದಲ್ಲಿ ಹಕ್ಕಿಯೂ ಅಲ್ಲಿಂದ ಮರೆಯಾಯಿತು. ಬಡವನ ಹೆಗಲ ಮೇಲೆ ಹೊರಿಸಿದ ಕರುಣೆ ಹಕ್ಕಿಯನ್ನೂ ಉಳಿಸಲಿಲ್ಲ.

ಇಂಗ್ಲೆಂಡಿನಲ್ಲಿ ಸ್ಕೈಲಾರ್ಕ್ ಎಂಬ ಪುಟ್ಟ ಹಾಡುಹಕ್ಕಿಗಾಗಿ ಹೊಲದ ನಡುವೆ ಬಿತ್ತದೆ ಬಿಡುವ ತುಣುಕುಗಳಿಗೆ ರೈತನಿಗೆ ಹಣ ಕೊಡುವ ಪದ್ಧತಿಯಿದೆ. ಅದು ದಾನವಲ್ಲ, ಕೂಲಿ. ಜೋಳ ಬೆಳೆಯುವವನಿಗೆ, ಮೊಟ್ಟೆಯ ಕಾಲದಲ್ಲಿ ಉಳುಮೆ ಮುಂದೂಡುವವನಿಗೆ ನಾವೂ ಅಂತಹ ಕೂಲಿ ಕೊಡಬೇಡವೇ?

ಹಕ್ಕಿ ಅರ್ಜಿ ಬರೆಯಲಾರದು, ಮತವನ್ನೂ ಹಾಕಲಾರದು. ಅದರ ಪಾಲನ್ನು ಒಪ್ಪಿಕೊಳ್ಳುವುದು ನಮ್ಮ ನ್ಯಾಯಪ್ರಜ್ಞೆಗೆ ಬಿಟ್ಟದ್ದು. ಆದರೆ ಆ ಪಾಲನ್ನು ರೈತನ ತಟ್ಟೆಯಿಂದ ಮಾತ್ರ ತೆಗೆದುಕೊಟ್ಟು ನಾವು ನ್ಯಾಯವಂತರೆಂದು ಬೀಗುವಂತಿಲ್ಲ.