ಹತ್ತಿಯ ಕುಲವಿಚಾರವು

ಸಂಕರವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಮುಖಗಳುಂಟು. ಭಗವದ್ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಕುಲಕ್ಷಯವನ್ನು ನೆನೆದು ಕಳವಳಗೊಂಡ ಅರ್ಜುನನು ವರ್ಣಸಂಕರಕ್ಕೆ ಅಂಜುತ್ತಾನೆ. ಅದೇ ಶಬ್ದವು ಬೀಜದ ಚೀಲದ ಮೇಲೆ ಅಚ್ಚಾಗಿ ಬಂದರೆ ಒಕ್ಕಲಿಗನು ಹೆಚ್ಚು ಹಣವನ್ನು ತೆತ್ತು ಕೊಳ್ಳುತ್ತಾನೆ. ಒಂದೇ ಮನೆಯಲ್ಲಿ ಅಜ್ಜನಿಗೆ ಅಧಃಪತನದ ಹೆಸರಾದುದು ಮೊಮ್ಮಗನಿಗೆ ಸಮೃದ್ಧಿಯ ಹೆಸರಾಗಿರಲು, ಪ್ರಕೃತಿಗೆ ಸಮ್ಮತವಾದುದು ಯಾವುದು ಎಂಬ ಪ್ರಶ್ನೆಯು ಏಳುವುದು ಸಹಜವು. ಕುಲಶುದ್ಧಿಯನ್ನು ಎತ್ತಿಹಿಡಿಯುವವರು ಕಡೆಗೆ ಸಾಕ್ಷಿಗೆ ಕರೆಯುವುದು ಪ್ರಕೃತಿಯನ್ನೇ. ಬೇವಿನ ಬೀಜದಿಂದ ಬೇವು ಹುಟ್ಟುವುದಲ್ಲದೆ ಮಾವು ಹುಟ್ಟೀತೇ ಎಂಬುದು ಅವರ ವಾದವು. ಆ ಸಾಕ್ಷಿಯನ್ನು ಒಮ್ಮೆ ಪೂರ್ಣವಾಗಿ ವಿಚಾರಿಸಿ ನೋಡುವುದು ಯುಕ್ತವಾದುದು.

ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಇಂದು ಹುಬ್ಬಳ್ಳಿ-ಧಾರವಾಡ ನಗರದಲ್ಲಿ ಸೇರಿಹೋಗಿ ಕಾರಖಾನೆಗಳ ನೆಲೆಯಾಗಿರುವ ಲಕಮನಹಳ್ಳಿಯನ್ನು ಬಿಟ್ಟು ಮೂಡಲಿಗೆ, ನವಲಗುಂದದ ಕಡೆಗೆ ನಡೆದರೆ ಎರೆಯ ಹೊಲಗಳು ಕಾಣುವವು. ಹತ್ತಿಯು ಆ ಎರೆಯ ಹಳೆಯ ಬೆಳೆ. ಈ ಸೀಮೆಯ ಜವಾರಿ ಹತ್ತಿಯ ಜೀವಕೋಶದಲ್ಲಿ 26 ವರ್ಣತಂತುಗಳಿರುತ್ತವೆ. 1840ರ ದಶಕದಲ್ಲಿ ಈ ಜಿಲ್ಲೆಯಲ್ಲಿ ತಂದು ಬಿತ್ತಿದ ಅಮೇರಿಕದ ಹತ್ತಿಯಲ್ಲಿ 52. ಇವೆರಡನ್ನು ಕೂಡಿಸಿದರೆ ಹುಟ್ಟುವ ಗಿಡದಲ್ಲಿ 39 ತಂತುಗಳಿದ್ದು, ಅವು ಸರಿಯಾಗಿ ಜೋಡಿಗೂಡಲಾರದುದರಿಂದ ಗಿಡವು ಸಾಮಾನ್ಯವಾಗಿ ಬರಡಾಗುತ್ತದೆ. ಸಾಕ್ಷಿಯನ್ನು ಇಲ್ಲಿಗೇ ನಿಲ್ಲಿಸಿದರೆ ಶುದ್ಧಿವಾದಿಯೇ ಗೆದ್ದನೆನ್ನಬೇಕು.

ಆದರೆ ಅಮೇರಿಕದ ಹತ್ತಿಗೆ ಆ 52 ತಂತುಗಳು ಎಲ್ಲಿಂದ ಬಂದವು? ಸುಮಾರು ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಜವಾರಿ ಹತ್ತಿಯ ಬಂಧುವಾದ ಒಂದು ಹತ್ತಿಯು ಹಳೆಯ ಖಂಡಗಳಿಂದ ಸಾಗರವನ್ನು ದಾಟಿ, ಅಮೇರಿಕದ ಕಾಡುಹತ್ತಿಯೊಡನೆ ಕೂಡಿತು. ಆ ಕಾಡುಹತ್ತಿಗೆ ನೂಲಬಹುದಾದ ಎಳೆಯೇ ಇರಲಿಲ್ಲ. ಸಂತಾನದಲ್ಲಿ ವರ್ಣತಂತುಗಳು ಇಮ್ಮಡಿಯಾಗಲು ಒಂದೊಂದಕ್ಕೂ ಜೊತೆ ದೊರೆಯಿತು, ಬರಡುತನವು ನೀಗಿತು, ಹೊಸದೊಂದು ಜಾತಿಯು ನಿಂತಿತು. 1940ರ ಸುಮಾರಿಗೆ ವಿಜ್ಞಾನಿಗಳು ಏಷ್ಯದ ಹತ್ತಿಯನ್ನೂ ಅಮೇರಿಕದ ಕಾಡುಹತ್ತಿಯನ್ನೂ ಕೂಡಿಸಿ, ತಂತುಗಳನ್ನು ಇಮ್ಮಡಿಸಿ, ಇದು ಆಗಬಹುದಾದ ಮಾತೆಂದು ಮಾಡಿಯೇ ತೋರಿಸಿದರು. ಇಂದು ಜಗತ್ತು ಬೆಳೆಯುವ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಪಾಲು ಆ ಸಂಕರದ ಸಂತತಿಯದು. ಮಡಿಯೆಂದು ಉಡುವ ಧೋತರದ ನೂಲು ಕೂಡ ಬಹುಶಃ ಅದರದೇ.

ಹಾಗಾದರೆ ಬೆರೆತುದೆಲ್ಲವೂ ಮೇಲೆನ್ನಬಹುದೇ? ಇದಕ್ಕೂ ಧಾರವಾಡದಲ್ಲಿಯೇ ಉತ್ತರವಿದೆ. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಾತರಕಿಯವರು ಅಮೇರಿಕದ ಹತ್ತಿಯ ಸಂತತಿಯಾದ ‘ಲಕ್ಷ್ಮಿ’ಯನ್ನು, ಅದರ ಸೋದರ ಜಾತಿಯಾದ ಬಾರ್ಬಡೆನ್ಸ್ ಹತ್ತಿಯೊಡನೆ ಕೂಡಿಸಿ, 1972ರಲ್ಲಿ ‘ವರಲಕ್ಷ್ಮಿ’ಯನ್ನು ಹೊರತಂದರು. ಎರಡರಲ್ಲಿಯೂ 52 ತಂತುಗಳಿರುವುದರಿಂದ ಗಿಡವು ಬರಡಾಗಲಿಲ್ಲ. ನೀಳವಾದ ಎಳೆಯನ್ನೂ ಒಳ್ಳೆಯ ಇಳುವರಿಯನ್ನೂ ಕೊಟ್ಟಿತು. ಆದರೆ ಅದರ ಬೀಜವನ್ನೇ ಕಟ್ಟಿಟ್ಟು ಮರುವರ್ಷ ಬಿತ್ತಿದರೆ ಆ ಗುಣಗಳು ಚದುರಿಹೋಗಿ, ಹೊಲದಲ್ಲಿ ಒಂದು ಗಿಡದಂತೆ ಇನ್ನೊಂದಿರುವುದಿಲ್ಲ. ಹಲವು ಗಿಡಗಳು ಬಲಹೀನವಾಗಿರುತ್ತವೆ. ಆದುದರಿಂದ ಈ ಸಂಬಂಧವನ್ನು ಪ್ರತಿವರ್ಷವೂ ಹೊಸದಾಗಿ ಬೆಸೆಯಬೇಕು. ಸಂಜೆಗೆ ಮೊಗ್ಗಿನ ಕೇಸರಗಳನ್ನು ಚಿವುಟಿ ತೆಗೆದು, ಮರುದಿನ ಮುಂಜಾನೆ ಪರಾಗವನ್ನು ಸವರಬೇಕು. ಒಂದೊಂದು ಹೂವಿಗೂ ಮನುಷ್ಯನ ಕೈ ಬೇಕು. ದೇಶದಲ್ಲಿ ಸಂಕರ ಹತ್ತಿಯ ಬೀಜವನ್ನು ಬೆಳೆಯುವ ಹಲವು ಹೊಲಗಳಲ್ಲಿ ಆ ಕೈಗಳು ಶಾಲೆಯನ್ನು ಬಿಟ್ಟ ಹುಡುಗಿಯರವಾಗಿದ್ದುದೂ ಉಂಟು. ಬೀಜವನ್ನು ಕಟ್ಟಿಡುತ್ತಿದ್ದ ಒಕ್ಕಲಿಗನಾದರೋ ವರ್ಷವರ್ಷವೂ ಅಂಗಡಿಯ ಮೆಟ್ಟಿಲನ್ನು ಹತ್ತಬೇಕಾಯಿತು.

ಹೀಗೆ ಸಾಕ್ಷಿಯ ಮಾತು ಮುಗಿಯುವ ಹೊತ್ತಿಗೆ ಶುದ್ಧಿವಾದಿಗೂ ಸಂಕರವಾದಿಗೂ ಪೂರ್ಣವಾದ ಸಮಾಧಾನವು ದೊರೆಯುವುದಿಲ್ಲ. ಪ್ರಕೃತಿಯು ಬೆರೆಸುತ್ತದೆ, ಬೆರೆತುದರಲ್ಲಿ ಬಹುಭಾಗವನ್ನು ಅಳಿಸುತ್ತದೆ. ಎಲ್ಲಿಯೋ ಒಂದು ತನ್ನ ಕಾಲ ಮೇಲೆ ತಾನು ನಿಂತು ಹೊಸ ಕುಲಕ್ಕೆ ಮೂಲವಾಗುತ್ತದೆ. ಅಲ್ಲಿ ಮಾನವಿಲ್ಲ, ಅವಮಾನವಿಲ್ಲ. ಅಂಥಲ್ಲಿಂದ ಮನುಷ್ಯರಿಗೆ ವಿಧಿನಿಷೇಧಗಳನ್ನು ಎರವಲು ತರುವುದೇ ತಪ್ಪು. ಮೇಲಾಗಿ 26ಕ್ಕೂ 52ಕ್ಕೂ ಇರುವಂಥ ಅಂತರವು ಮನುಷ್ಯ ಮನುಷ್ಯರ ನಡುವೆ ಯಾವ ವರ್ಣದಲ್ಲಿಯೂ ಯಾವ ದೇಶದಲ್ಲಿಯೂ ಇಲ್ಲ. ಜೀವಶಾಸ್ತ್ರದ ಲೆಕ್ಕದಲ್ಲಿ ಅವರೆಲ್ಲರೂ ಒಂದೇ ಜಾತಿಯವರು.

ಎರಡು ಮನೆತನಗಳ ಮಕ್ಕಳನ್ನು ಕುಲದ ಹೆಸರಿನಲ್ಲಿ ಅಗಲಿಸುವ ಹಿರಿಯನು ಆ ಕಾರ್ಯವನ್ನು ತನ್ನದೆಂದು ಒಪ್ಪಿಕೊಳ್ಳಲಿ, ಅದನ್ನು ಪ್ರಕೃತಿಯ ಮೇಲೆ ಹೊರಿಸದಿರಲಿ. ಹೂವಿಗೆ ಹೂವನ್ನು ಬೆಸೆದು ಸಂಪತ್ತನ್ನು ಪಡೆಯುವವನು ಕೂಡ, ಪರಾಗವನ್ನು ಸವರಿದ ಕೈಗೂ ಬೀಜಕ್ಕಾಗಿ ಕಾದು ನಿಂತ ಒಕ್ಕಲಿಗನಿಗೂ ತಾನು ಉತ್ತರ ಕೊಡಬೇಕಾದವನೆಂಬುದನ್ನು ಮರೆಯದಿರಲಿ. ಹತ್ತಿಯ ಗಿಡವು ಈ ಇಬ್ಬರಲ್ಲಿ ಯಾರ ಪರವಾಗಿಯೂ ಮಾತನಾಡುವುದಿಲ್ಲ.