ಭೃತ್ಯಾಚಾರವೂ ನೌಕರಿಯೂ



ಬೆಳಗಿನಲ್ಲಿ ಇಷ್ಟಲಿಂಗಪೂಜೆಯನ್ನು ಮುಗಿಸಿ, ವಿಭೂತಿಯನ್ನು ಧರಿಸಿ, ಶಾಂತಚಿತ್ತನಾಗಿ ಮನೆಯಿಂದ ಹೊರಟ ಗೃಹಸ್ಥನು ಕಚೇರಿಯ ಹೊಸ್ತಿಲನ್ನು ದಾಟಿದೊಡನೆ ಬೇರೊಬ್ಬ ಮನುಷ್ಯನಾಗುವುದುಂಟು. ಮೇಲಧಿಕಾರಿಯ ಕರೆ ಬಂದಿತೆಂದರೆ ಆತನ ಎದೆ ನಡುಗುತ್ತದೆ. ಮೇಲಧಿಕಾರಿ ಬೆನ್ನು ತಿರುಗಿಸಿದನೆಂದರೆ ನಾಲಗೆ ಹರಿಯುತ್ತದೆ. ಎದುರಿನಲ್ಲಿ ಮುಖಸ್ತುತಿ, ಮರೆಯಲ್ಲಿ ನಿಂದೆ. ಸಂಜೆ ಮನೆಗೆ ಮರಳಿದಾಗ ಆ ಕಹಿಯನ್ನೇ ಮಡದಿಮಕ್ಕಳಿಗೆ ಬಡಿಸುತ್ತಾನೆ. ದುಡಿಯುವ ತಾಯಂದಿರ ಪಾಡೂ ಇದಕ್ಕಿಂತ ಬೇರೆಯಲ್ಲ. ದಿನದ ಎಂಟು ಗಂಟೆಗಳು ಹೀಗೆ ಭಯದಲ್ಲಿಯೂ ದ್ವೇಷದಲ್ಲಿಯೂ ಕಳೆದುಹೋದರೆ ಬೆಳಗಿನ ಅರ್ಧ ಗಂಟೆಯ ಪೂಜೆ ಎಲ್ಲಿಗೆ ಸಂದಿತು?

ಮೇಲಧಿಕಾರಿಯೊಡನೆ ಹೊಂದಿಕೊಂಡು ನಡೆಯುವುದು ಲೌಕಿಕದ ಮಾತು, ಅದಕ್ಕೂ ಧರ್ಮಕ್ಕೂ ಏನು ನಂಟು, ಎಂದು ಕೇಳುವವರುಂಟು. ಕಾಯಕವನ್ನು ಪೂಜೆಯಿಂದ ಬೇರ್ಪಡಿಸದ ಶರಣರ ಮತದಲ್ಲಿ ಈ ಪ್ರಶ್ನೆಗೆ ಎಡೆಯಿಲ್ಲ. ನಮ್ಮ ಪಂಚಾಚಾರಗಳನ್ನೇ ನೋಡಿರಿ. ಲಿಂಗಾಚಾರ ಶಿವಾಚಾರಗಳೊಡನೆ ಸದಾಚಾರ, ಗಣಾಚಾರ, ಭೃತ್ಯಾಚಾರಗಳನ್ನೂ ಹಿರಿಯರು ಸೇರಿಸಿದ್ದಾರೆ. ಸದಾಚಾರವೆಂದರೆ ಸತ್ಯಶುದ್ಧವಾದ ದುಡಿಮೆ ಮತ್ತು ನಡೆ; ಗಣಾಚಾರವೆಂದರೆ ಅನ್ಯಾಯವನ್ನು ಸಹಿಸದ ಧೈರ್ಯ; ಭೃತ್ಯಾಚಾರವೆಂದರೆ ಸೇವಕನಂತಹ ವಿನಯ. ಒಬ್ಬನೇ ಭಕ್ತನಲ್ಲಿ ಈ ಮೂರೂ ಕೂಡಿರಬೇಕೆಂಬುದು ಅವರ ನಿಲುವು. ನೌಕರಿಯಲ್ಲಿರುವ ಭಕ್ತನು ತನ್ನ ಮೇಲಧಿಕಾರಿಯೊಡನೆ ಹೇಗಿರಬೇಕೆಂಬ ಪ್ರಶ್ನೆಗೆ ಉತ್ತರವು ಈ ಮೂರರ ಕೂಟದಲ್ಲಿಯೇ ಇದೆ.

ಇದನ್ನು ಬಾಯಿಮಾತಿನಿಂದಲ್ಲ, ಬಾಳಿನಿಂದ ತೋರಿಸಿದವರು ಬಸವಣ್ಣನವರು. ಅವರನ್ನು ಭಕ್ತಿಭಂಡಾರಿಯೆಂದು ಕೊಂಡಾಡುವಾಗ ಅವರು ನಿಜವಾಗಿಯೂ ಒಂದು ರಾಜ್ಯದ ಭಂಡಾರಿಗಳಾಗಿದ್ದರು, ಒಬ್ಬ ದೊರೆಯ ಕೈಕೆಳಗಿನ ನೌಕರರಾಗಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಕಲಚುರಿ ವಂಶದ ಬಿಜ್ಜಳನು ಮೊದಲು ಕಲ್ಯಾಣದ ಚಾಲುಕ್ಯರ ಮಾಂಡಲಿಕ. ಇಂದು ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಡೆಯಲ್ಲಿದ್ದವನು. 12ನೆಯ ಶತಮಾನದ ನಡುವಿನಲ್ಲಿ ಚಾಲುಕ್ಯರ ಅಧಿಕಾರವನ್ನೇ ಕೈಗೆ ತೆಗೆದುಕೊಂಡು ಕಲ್ಯಾಣದ ಒಡೆಯನಾದನು. ಆ ಕಲ್ಯಾಣವೇ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಬಸವಣ್ಣನವರು ಮಂಗಳವೇಡೆಯಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ ಸೇರಿ, ತಮ್ಮ ಯೋಗ್ಯತೆಯಿಂದಲೇ ಮೇಲೇರಿ ಭಂಡಾರದ ಹೊಣೆಯನ್ನು ಹೊತ್ತರೆಂದು ಪರಂಪರೆ ಹೇಳುತ್ತದೆ.

ಬಿಜ್ಜಳನಾದರೋ ಲಿಂಗಧಾರಿಯಲ್ಲ, ಶರಣರ ಮಾತಿನಲ್ಲಿ ಹೇಳುವುದಾದರೆ ಭವಿ. ಅಂತಹವನ ಗದ್ದುಗೆಯ ಕೆಳಗೆ ದುಡಿಯುವುದೇ ಎಂದು ಬಸವಣ್ಣನವರನ್ನು ಆಕ್ಷೇಪಿಸಿದವರಿದ್ದರು. ಆ ಆಕ್ಷೇಪವನ್ನು ಅವರು ಮುಚ್ಚಿಡಲಿಲ್ಲ. ವಚನದಲ್ಲಿಯೇ ಎತ್ತಿಕೊಂಡು ಉತ್ತರಿಸಿದರು. ಅದರ ತಾತ್ಪರ್ಯವಿಷ್ಟು: ತಾವು ದುಡಿಯುವುದು ಸ್ವಂತ ಒಡಲಿನ ಅವಸರಕ್ಕಲ್ಲ, ಶರಣರ ದಾಸೋಹಕ್ಕೆ. ಬಾಂಧವರೇ, ಮೇಲಧಿಕಾರಿಯೊಡನೆ ಸರಿಯಾದ ಸಂಬಂಧಕ್ಕೆ ಇದೇ ಮೊದಲ ತಳಹದಿ. ತಾನು ಯಾರಿಗಾಗಿ, ಯಾವುದಕ್ಕಾಗಿ ದುಡಿಯುತ್ತಿದ್ದೇನೆಂಬುದು ಮನಸ್ಸಿನಲ್ಲಿ ನಿಚ್ಚಳವಾಗಿರುವವನಿಗೆ ಮೇಲಧಿಕಾರಿಯು ದೇವರಾಗಿಯೂ ಕಾಣನು, ವೈರಿಯಾಗಿಯೂ ಕಾಣನು. ಅದೇ ಕಾಯಕದ ಮತ್ತೊಂದು ತುದಿಯನ್ನು ಹಿಡಿದು ಹೊತ್ತಿರುವ ಮನುಷ್ಯನಾಗಿ ಕಾಣುತ್ತಾನೆ. ಭೃತ್ಯಾಚಾರವು ಹುಟ್ಟುವುದು ಇಲ್ಲಿಂದ. ಅಂಜಿಕೆಯಿಂದ ಬಾಗಿದ ತಲೆ ಅವಕಾಶ ಸಿಕ್ಕಾಗ ಹೆಡೆಯೆತ್ತುತ್ತದೆ. ‘ನಾನು’ ಎಂಬುದು ಸಡಿಲವಾಗಿ ಬಾಗಿದ ತಲೆಗೆ ಹೆಡೆಯೆತ್ತಬೇಕಾದ ಅವಶ್ಯಕತೆಯೇ ಇರುವುದಿಲ್ಲ.

ಎರಡನೆಯದು ಲೆಕ್ಕದ ಶುದ್ಧಿ. ಬಸವಣ್ಣನವರ ಏಳಿಗೆಯನ್ನು ಸಹಿಸದವರು, ‘ನಿನ್ನ ಭಂಡಾರವು ಜಂಗಮರ ಪಾಲಾಗುತ್ತಿದೆ’ ಎಂದು ಬಿಜ್ಜಳನ ಕಿವಿಯಲ್ಲಿ ಊದಿದರು. ಇಂತಹ ಚಾಡಿಕೋರರಲ್ಲಿ ಒಬ್ಬನನ್ನು ಜನವು ಕೊಂಡೆಯ ಮಂಚಣ್ಣನೆಂದು ಇಂದಿಗೂ ನೆನೆಯುತ್ತದೆ. ದೊರೆಯು ವಿಚಾರಣೆಗೆ ಬಂದಾಗ ಬಸವಣ್ಣನವರು ಭಂಡಾರವನ್ನು ತೆರೆಯಿಸಿ ಎಣಿಸಲು ಬಿಟ್ಟರು. ಹೊನ್ನು ಒಂದಿಷ್ಟೂ ಕಡಿಮೆಯಿರಲಿಲ್ಲ. 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದ ಭೀಮಕವಿಯೇ ಮೊದಲಾದವರು ಇದನ್ನು ಪವಾಡವಾಗಿ ಬಣ್ಣಿಸುತ್ತಾರೆ. ಪವಾಡವೆಂದೇ ನಂಬುವವರು ನಂಬಲಿ. ನೌಕರಿಯಲ್ಲಿರುವವರು ಗಮನಿಸಬೇಕಾದುದು ಮತ್ತೊಂದನ್ನು. ಸಂಶಯಪಟ್ಟ ಒಡೆಯನ ಮೇಲೆ ಅವರು ಸಿಡುಕಲಿಲ್ಲ, ‘ನನ್ನನ್ನೇ ಅನುಮಾನಿಸುವುದೇ’ ಎಂದು ಮುನಿಯಲಿಲ್ಲ. ಒಡೆಯನಿಗೆ ಲೆಕ್ಕ ಕೇಳುವ ಹಕ್ಕಿದೆ. ತೋರಿಸುವುದು ಭಂಡಾರಿಯ ಧರ್ಮ. ಮುಚ್ಚಿಡುವಂತಹದು ಏನೂ ಇಲ್ಲದವನಿಗೆ ವಿನಯವು ಸುಲಭ.

ಈ ಮಾತನ್ನು ಇಂದಿನ ಕಚೇರಿಗೆ ತಂದು ನೋಡೋಣ. ಸಹಕಾರ ಸಂಘದ ಗುಮಾಸ್ತನೊಬ್ಬನು ಮಾರ್ಚ್ 31ರ ಲೆಕ್ಕಮುಕ್ತಾಯದ ಹೊತ್ತಿಗೆ ದಾಸ್ತಾನು ಪುಸ್ತಕಕ್ಕೂ ಗೋದಾಮಿನಲ್ಲಿರುವ ಚೀಲಗಳಿಗೂ ತಾಳೆಯಾಗದಿರುವುದನ್ನು ಕಂಡನೆನ್ನಿ. ಅದನ್ನು ಅಡಗಿಸಿಟ್ಟು, ಲೆಕ್ಕಪರಿಶೋಧಕರು ಕಂಡುಹಿಡಿಯುವ ತನಕ ಬಾಯಿಮುಚ್ಚಿಕೊಂಡಿದ್ದರೆ ಕಾರ್ಯದರ್ಶಿಯ ಮಾನವೂ ಹೋಗುವುದು, ತನ್ನ ಮಾನವೂ ಹೋಗುವುದು. ಅದರ ಬದಲು, ‘ಇಷ್ಟು ಚೀಲ ಕಡಿಮೆ ಬರುತ್ತಿದೆ, ಇಂಥ ತಿಂಗಳಿನಿಂದ ಈ ವ್ಯತ್ಯಾಸ ತೋರುತ್ತದೆ, ರಶೀದಿಗಳನ್ನು ಮತ್ತೆ ತಾಳೆ ನೋಡಲು ಎರಡು ದಿನ ಬೇಕು’ ಎಂದು ತಾನೇ ಹೋಗಿ ಹೇಳಿದರೆ ಆ ಹೊತ್ತಿಗೆ ಗದರಿಕೆ ಬಿದ್ದೀತು. ಆದರೆ ಈತನಿಂದ ಕೆಟ್ಟ ಸುದ್ದಿಯೂ ಹೊತ್ತಿಗೆ ಸರಿಯಾಗಿ ಬರುತ್ತದೆಂಬ ನಂಬಿಕೆ ಬೇರೂರುವುದು. ಮೇಲಧಿಕಾರಿಯು ಹೆಚ್ಚಾಗಿ ಅಂಜುವುದು ತಪ್ಪಿಗಲ್ಲ, ತನಗೆ ತಿಳಿಯದೆ ಬೆಳೆಯುತ್ತಿರುವ ತಪ್ಪಿಗೆ. ಆತನ ಮೇಲೆಯೂ ಮತ್ತೊಬ್ಬ ಅಧಿಕಾರಿಯಿರುವನು. ಆತನೂ ಎಲ್ಲಿಯೋ ಕೈಕಟ್ಟಿ ನಿಂತು ಉತ್ತರ ಹೇಳಬೇಕಾದವನೇ. ಇದನ್ನು ಅರಿತು ಆತನ ಹೊರೆಯನ್ನು ಒಂದಿಷ್ಟು ಹಗುರಗೊಳಿಸುವುದು ಮುಖಸ್ತುತಿಯಲ್ಲ, ದಾಸೋಹಭಾವ.

ಲೆಕ್ಕದ ಶುದ್ಧಿಯಲ್ಲಿ ಕಡಿಮೆಯಾಗದಿರುವುದು ಹೇಗೆ ಮುಖ್ಯವೋ ಹೆಚ್ಚಾಗದಿರುವುದೂ ಹಾಗೆಯೇ ಮುಖ್ಯ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಶರಣೆ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದೆಡೆಗೇ ಹಿಂದಿರುಗಿಸಿ ಬರಲು ಹೇಳಿದರು. ತನ್ನದಲ್ಲದ ಅಕ್ಕಿಯಂತೆಯೇ ತನ್ನದಲ್ಲದ ಕೀರ್ತಿಯೂ. ಜೊತೆಯವನು ರಾತ್ರಿಯೆಲ್ಲ ಕುಳಿತು ಸಿದ್ಧಪಡಿಸಿದ ವರದಿಗೆ ತಾನು ಮೆಚ್ಚುಗೆ ಪಡೆಯುವವನು ಲಕ್ಕಮ್ಮನವರ ಅಂಗಳದಲ್ಲಿ ನಿಲ್ಲಲಾರನು.

ಮೂರನೆಯದು ನುಡಿಯ ಶುದ್ಧಿ. ಮೇಲಧಿಕಾರಿಯ ಎದುರಿನಲ್ಲಿ ಆಡಲಾಗದ ಮಾತನ್ನು ಮರೆಯಲ್ಲಿ ಆಡದಿರುವುದನ್ನೇ ಒಂದು ವ್ರತವಾಗಿ ಹಿಡಿಯಬಹುದು. ಹಿಂದೆ ಊಟದ ಹೊತ್ತಿನಲ್ಲಿ ನಡೆಯುತ್ತಿದ್ದ ಚಾಡಿಯು ಇಂದು ಮೊಬೈಲಿನ ಗುಂಪುಗಳಲ್ಲಿ ಹಗಲಿರುಳೂ ನಡೆಯುತ್ತಿದೆ. ಕೊಂಡೆಯ ಮಂಚಣ್ಣನಿಗೆ ಈಗ ನೂರು ಬಾಯಿ. ಆದರೆ ಚಾಡಿಯನ್ನು ಬಿಡುವುದೆಂದರೆ ಮೂಕನಾಗುವುದೆಂದಲ್ಲ. ಭಿನ್ನಾಭಿಪ್ರಾಯವಿದ್ದರೆ ಏಕಾಂತದಲ್ಲಿ, ತಕ್ಕ ಹೊತ್ತು ನೋಡಿ, ಕೆಲಸದ ಹಿತವನ್ನು ಮುಂದಿಟ್ಟುಕೊಂಡು ಹೇಳಬೇಕು. ಸಭೆಯಲ್ಲಿ ಬಿದ್ದ ಕಠೋರವಾಕ್ಯಕ್ಕೆ ಸಭೆಯಲ್ಲಿಯೇ ಉತ್ತರ ಕೊಡಬೇಕಾದುದಿಲ್ಲ. ಮರುದಿನ ಹೋಗಿ, ‘ಕೆಲಸದಲ್ಲಿಯ ಕೊರತೆಯನ್ನು ತಿದ್ದಿಕೊಳ್ಳುತ್ತೇನೆ, ಆದರೆ ಎಲ್ಲರೆದುರಿನಲ್ಲಿ ಹಾಗೆ ಅಂದುದು ನೋವಾಯಿತು’ ಎಂದು ಮೆಲುದನಿಯಲ್ಲಿ ಹೇಳಿದರೆ ಆ ಮಾತು ಬಹಳ ಮಂದಿಗೆ ತಾಗುತ್ತದೆ. ಆಜ್ಞೆಯು ಅಸ್ಪಷ್ಟವಾಗಿದ್ದರೆ ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಊಹೆಯ ಮೇಲೆ ದುಡಿದು ಆಮೇಲೆ ದೂರುವುದರಲ್ಲಿ ನಾಚಿಕೆಯಿದೆ. ಮೇಲಧಿಕಾರಿಯು ವಯಸ್ಸಿನಲ್ಲಿ ಕಿರಿಯನೆಂದೋ, ಹೆಣ್ಣುಮಗಳೆಂದೋ, ಬೇರೆ ಜಾತಿಯವರೆಂದೋ ಮನಸ್ಸು ಮುದುಡಿಕೊಳ್ಳುವವನು ತಾನು ಕಟ್ಟಿಕೊಂಡಿರುವ ಲಿಂಗವನ್ನು ಒಮ್ಮೆ ಕೈಯಲ್ಲಿಟ್ಟು ನೋಡಿಕೊಳ್ಳಲಿ.

ಇಷ್ಟೆಲ್ಲವನ್ನು ಮಾಡಿದರೂ ಎಲ್ಲ ಮೇಲಧಿಕಾರಿಗಳೂ ಒಲಿದಾರೆಂದು ಹೇಳಲಾಗದು. ವಿನಯಕ್ಕೂ ಒಂದು ಮೇರೆಯುಂಟು. ಸುಳ್ಳು ಬಿಲ್ಲಿಗೆ ರುಜು ಹಾಕೆಂದರೆ, ಬಡವನ ಅರ್ಜಿಗೆ ಲಂಚ ವಸೂಲು ಮಾಡೆಂದರೆ, ಅಲ್ಲಿ ಭೃತ್ಯಾಚಾರವು ನಿಂತು ಗಣಾಚಾರವು ಮೊದಲಾಗುತ್ತದೆ. ದುಡಿಯುವ ಹೆಣ್ಣುಮಗಳ ಮಾನಕ್ಕೆ ಕೈಯಿಕ್ಕುವ ಅಧಿಕಾರಿಯನ್ನು ಸಹಿಸಿಕೊಳ್ಳೆಂದು ಯಾವ ಶರಣರೂ ಹೇಳಿಲ್ಲ. 2013ರ ಕಾನೂನು ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಕಡೆಯಲ್ಲಿಯೂ ಇದಕ್ಕೊಂದು ದೂರು ಸಮಿತಿಯಿರಬೇಕೆಂದು ವಿಧಿಸಿದೆ. ಅಲ್ಲಿಗೆ ಹೋಗುವುದು ಅವಿನಯವಲ್ಲ. ಹೋಗುವವಳ ಬೆನ್ನಿಗೆ ಮನೆಯವರು ನಿಲ್ಲುವುದೇ ಧರ್ಮ.

ಬಸವಣ್ಣನವರ ಬಾಳಿನಲ್ಲಿಯೂ ಆ ಮೇರೆ ಬಂದಿತು. ಸಮಗಾರ ಹರಳಯ್ಯನವರ ಮಗನಿಗೂ ಮಂತ್ರಿ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಬಿಜ್ಜಳನು ಸಹಿಸಲಿಲ್ಲ. ಹರಳಯ್ಯ ಮಧುವರಸರು ಕ್ರೂರದಂಡನೆಗೆ ಗುರಿಯಾದರು. ಬಸವಣ್ಣನವರು ಪದವಿಯನ್ನು ಉಳಿಸಿಕೊಳ್ಳಲು ಶರಣರ ಪಕ್ಷವನ್ನು ಬಿಡಲಿಲ್ಲ. ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ತೆರಳಿದರು. ಇದು 1167ರ ಸುಮಾರಿನ ಮಾತು. ವರ್ಷಗಟ್ಟಲೆ ಒಬ್ಬ ಭವಿಯ ಭಂಡಾರವನ್ನು ಕಳಂಕವಿಲ್ಲದೆ ಕಾದವರಾದುದರಿಂದಲೇ ಅವರ ನಿರಾಕರಣೆಗೆ ಅಷ್ಟು ತೂಕ ಬಂದಿತು. ದಿನದಿನದ ಕೆಲಸದಲ್ಲಿ ಮೈಗಳ್ಳನಾದವನು ಒಂದು ದಿನ ನ್ಯಾಯದ ಹೆಸರಿನಲ್ಲಿ ಎದ್ದು ನಿಂತರೆ ಅವನ ಮಾತಿಗೆ ಯಾರು ಕಿವಿಗೊಡುವರು?

ಮನೆ ನಡೆಯುವುದು ಸಂಬಳದಿಂದ. ಮಕ್ಕಳ ಶಾಲೆಯ ಶುಲ್ಕ, ಹಿರಿಯರ ಔಷಧ, ಮನೆಸಾಲದ ಕಂತು ಎಲ್ಲಕ್ಕೂ ಅದೇ ಆಧಾರ. ಆದುದರಿಂದ ನೌಕರಿಯನ್ನು ಬಿಸುಟು ಹೊರಡುವುದು ಎಲ್ಲರಿಗೂ ಸಾಧ್ಯವಾದುದಲ್ಲ, ಸಣ್ಣ ಮನಸ್ತಾಪಕ್ಕೆ ಹಾಗೆ ಮಾಡುವುದು ಯೋಗ್ಯವೂ ಅಲ್ಲ. ಆದರೆ ಸುಳ್ಳಿಗೆ ರುಜು ಹಾಕದಿರುವುದು, ನಿಂದೆಗೆ ನಾಲಗೆ ಕೊಡದಿರುವುದು, ಇಂದಿನ ಕೆಲಸವನ್ನು ಇಂದೇ ಒಪ್ಪಿಸುವುದು ಎಲ್ಲರಿಗೂ ಸಾಧ್ಯ. ನಿಮ್ಮಲ್ಲಿ ಕೆಲವರು ಅಂಗಡಿಯ ಯಜಮಾನರು, ಶಾಲೆಯ ಮುಖ್ಯೋಪಾಧ್ಯಾಯರು, ವಿಭಾಗದ ಅಧಿಕಾರಿಗಳು ಇರುವಿರಿ. ನಿಮ್ಮ ಕೋಣೆಗೆ ಬರುವ ಗುಮಾಸ್ತನು ಬಾಗಿಲಲ್ಲಿ ನಡುಗುತ್ತಾನೆಯೋ, ನೆಮ್ಮದಿಯಿಂದ ಒಳಬರುತ್ತಾನೆಯೋ ನೋಡಿಕೊಳ್ಳಿರಿ. ಭೃತ್ಯಾಚಾರವು ಕೆಳಗಿನವರಿಗಷ್ಟೇ ಹೇಳಿದುದಲ್ಲ. ಭಂಡಾರಿಯಾಗಿದ್ದವರೇ ತಮ್ಮನ್ನು ಶರಣರ ಮನೆಯ ಆಳೆಂದು ಕರೆದುಕೊಂಡರು.

ನಾಳೆ ಬೆಳಗ್ಗೆ ಪೂಜೆ ಮುಗಿದಾಗ ಲಿಂಗವನ್ನು ಕರಡಿಗೆಯಲ್ಲಿಟ್ಟು ಕಟ್ಟಿಕೊಳ್ಳುವಿರಲ್ಲವೆ? ಅದು ಕಚೇರಿಗೂ ನಿಮ್ಮೊಡನೆ ಬರುತ್ತದೆಂಬುದನ್ನು ನೆನೆದು ಹೊರಡಿರಿ.