ಮಕ್ಕಳ ಮಂತ್ರಿಮಂಡಲ

ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮಂತ್ರಿಮಂಡಲದ ಪ್ರಮಾಣವಚನಕ್ಕೆ ಅತಿಥಿಯಾಗಿ ಹೋಗುವ ಪ್ರಸಂಗ ಒದಗಿತು. ಮಕ್ಕಳೇ ಮತ ಹಾಕಿ ಆರಿಸಿದ್ದರು. ಬೆರಳಿಗೆ ಶಾಯಿಯೂ ಬಿದ್ದಿತ್ತು. “ನಿನ್ನ ಕೆಲಸವೇನಮ್ಮ?” ಎಂದು ನೀರಿನ ಮಂತ್ರಿಯನ್ನು ಕೇಳಿದೆ. “ಬೀದಿ ಬೋರ್‌ವೆಲ್ಲಿಂದ ನೀರು ತರೋದು, ಸಾರ್.” “ಶಾಲೆಯ ನಲ್ಲಿ ಏಕೆ ರಿಪೇರಿಯಾಗಿಲ್ಲವೆಂದು ಹೆಡ್ಮಾಸ್ತರರನ್ನು ಕೇಳಿದೆಯಾ?” ಹುಡುಗಿ ಉತ್ತರಿಸಲಿಲ್ಲ, ಅವರ ಮುಖ ನೋಡಿದಳು.

ನೀರು ಹೊರುವುದು ಕೀಳೆಂದಲ್ಲ. ನಾವೂ ಶಾಲೆಯ ಅಂಗಳ ಗುಡಿಸಿಯೇ ಅಕ್ಷರ ಕಲಿತವರು. ಆದರೆ ನಮ್ಮನ್ನು ಯಾರೂ ಮಂತ್ರಿಗಳೆಂದು ಕರೆಯುತ್ತಿರಲಿಲ್ಲ! ಪ್ರಶ್ನಿಸುವ ಅಧಿಕಾರವಿಲ್ಲದ ಪದವಿಯಿಂದ ಮುಂದಾಳುತನ ಬೆಳೆಯುವುದೋ, ಮೇಲಿನವರ ಮುಖ ನೋಡುವ ಚಾಳಿ ಬೆಳೆಯುವುದೋ?

ಈ ಚಾಳಿಗೆ ಮದ್ದು ಹುಡುಕಿದವರೂ ಉಂಟು. ವಾರ್ಸಾದಲ್ಲಿ 1912ರಿಂದ ಯೆಹೂದಿ ಅನಾಥಾಲಯವೊಂದನ್ನು ನಡೆಸಿದ ವೈದ್ಯ ಯಾನುಷ್ ಕೊರ್ಚಾಕರು ಅಲ್ಲಿ ಮಕ್ಕಳದೇ ನ್ಯಾಯಾಲಯವನ್ನು ಏರ್ಪಡಿಸಿದ್ದರು. ಗುರುಗಳೂ ಅದರ ಕಟ್ಟಳೆಗೆ ಒಳಪಟ್ಟವರೇ. ಹುಡುಗನೊಬ್ಬನ ಕಿವಿಗೆ ಬಾರಿಸಿದ್ದಕ್ಕೆ, ಹುಡುಗಿಯೊಬ್ಬಳ ಮೇಲೆ ಕಳವಿನ ಅಪವಾದ ಹೊರಿಸಿದ್ದಕ್ಕೆ, ಹೀಗೆ ಆರು ತಿಂಗಳಲ್ಲಿ ಐದು ಸಲ ಅವರು ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡರು. ತಮ್ಮನ್ನು ತಿದ್ದಿದ್ದು ಆ ಮೊಕದ್ದಮೆಗಳೇ ಎಂದು ಬರೆದಿದ್ದಾರೆ.

ನಾನು ಕಂಡ ಹೆಡ್ಮಾಸ್ತರರೂ ಸಜ್ಜನರೇ. “ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ” ಎಂದರು, ನನ್ನ ಕಡೆ ತಿರುಗಿ. ಉತ್ತರ ಸಲ್ಲಬೇಕಾಗಿದ್ದ ಮಂತ್ರಿ ಅಷ್ಟರಲ್ಲಿ ಕೊಡ ಎತ್ತಿಕೊಂಡು ಹೊರಟಿದ್ದಳು.